ನಲವತ್ತು ಮೀಟರ್ ಹಗ್ಗ

ಎಂಟನೆಯ ತರಗತಿಯಲ್ಲಿ ನಾನು ಗಣಿತವೆಂದರೆ ಮೂಲೆ ಹುಡುಕುತ್ತಿದ್ದೆ, ಕಬಡ್ಡಿಯೆಂದರೆ ಊಟ ಮರೆಯುತ್ತಿದ್ದೆ. ಆ ವರ್ಷ ಹೋಬಳಿ ಮಟ್ಟದ ಪಂದ್ಯ ನಮ್ಮ ಶಾಲೆಯಲ್ಲೇ ನಡೆಯಿತು. ಅಂಕಣ ಹಾಕುವ ಕೆಲಸ ನಮ್ಮ ತಂಡಕ್ಕೇ ಬಿತ್ತು. ನಮ್ಮ ಅಂಕಣದ ಅಳತೆ 12 ಮೀಟರ್ ಉದ್ದ, 8 ಮೀಟರ್ ಅಗಲ. ನಾಲ್ಕು ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಪುಡಿ ಸುರಿದೆವು. ಸುತ್ತಳತೆ ಸರಿಯಾಗಿ 40 ಮೀಟರ್.

ಗಣಿತದ ಮೇಷ್ಟ್ರು ಬಂದು ಒಂದು ಮೂಲೆಯಲ್ಲಿ ನಿಂತು ಕಣ್ಣು ಕಿರಿದಾಗಿಸಿ ನೋಡಿದರು. "ಇದು ಆಯತವಲ್ಲಮ್ಮ, ಒರಗಿ ಮಲಗಿದ ಎಮ್ಮೆ" ಎಂದರು. ಮೂಲೆಯಿಂದ ಮೂಲೆಗೆ ಟೇಪು ಹಿಡಿಸಿದರು. ಒಂದು ಕರ್ಣ 15 ಮೀಟರ್, ಇನ್ನೊಂದು 14 ಕೂಡ ಮುಟ್ಟಲಿಲ್ಲ. ಎರಡೂ 14 ಮೀಟರ್ 42 ಸೆಂಟಿಮೀಟರ್ ಬರಬೇಕಿತ್ತು.

"ಬದಿಗಳೆಲ್ಲ ಸರಿ ಇವೆಯಲ್ಲ ಸಾರ್, ವಿಸ್ತೀರ್ಣ 96 ಆಗಲೇಬೇಕು" ಎಂದು ವಾದಿಸಿದವಳು ನಾನೇ. ಅವರು ಪೊರಕೆಯಿಂದ ನಾಲ್ಕು ಕಡ್ಡಿ ಮುರಿದು, ಎರಡು ಉದ್ದ ಎರಡು ಗಿಡ್ಡ, ತುದಿಗಳಿಗೆ ದಾರ ಕಟ್ಟಿದರು. ಆಮೇಲೆ ಮೆಲ್ಲನೆ ಒಂದು ಕಡೆಗೆ ಒತ್ತುತ್ತಾ ಹೋದರು. ಚೌಕಟ್ಟು ವಾಲಿತು, ಇನ್ನೂ ವಾಲಿತು, ಕೊನೆಗೆ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡವು. ಕಡ್ಡಿಯ ಉದ್ದ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಒಳಗಿನ ಜಾಗ ಮಾತ್ರ ಮಾಯವಾಗಿತ್ತು.

ಗೂಟ ಕಿತ್ತು ಮತ್ತೆ ಹೊಡೆದೆವು. ಪಂದ್ಯದಲ್ಲಿ ಮೊದಲ ಸುತ್ತಿಗೇ ಸೋತೆವು. ಅಂಕಣ ನೆಟ್ಟಗಿದ್ದುದರಿಂದ ಹೇಳಿಕೊಳ್ಳಲು ಆ ನೆಪವೂ ಉಳಿಯಲಿಲ್ಲ.

ಮರುದಿನ ಅದೇ ಅಂಕಣ ಕಪ್ಪುಹಲಗೆಗೆ ಬಂತು. ಸುತ್ತಳತೆ 40, ವಿಸ್ತೀರ್ಣ 96. ಉದ್ದ, ಅಗಲ ಗೊತ್ತಿಲ್ಲವೆಂದುಕೊಳ್ಳಿ ಎಂದರು. ಸುತ್ತಳತೆಯ ಅರ್ಧ 20. ಎರಡೂ ಬದಿ ಸಮನಾಗಿದ್ದರೆ 10 ಮತ್ತು 10, ವಿಸ್ತೀರ್ಣ 100. ನಮ್ಮದು ಅದಕ್ಕಿಂತ 4 ಕಡಿಮೆ. 4ರ ವರ್ಗಮೂಲ 2. ಒಂದು 10ಕ್ಕೆ 2 ಕೂಡಿಸಿ, ಇನ್ನೊಂದರಿಂದ 2 ಕಳೆಯಿರಿ: 12, 8. ವಿಸ್ತೀರ್ಣ 91 ಎಂದಿದ್ದರೆ? 9 ಕಡಿಮೆ, ಆದ್ದರಿಂದ 3. ಉತ್ತರ 13, 7. ನಾನು ಬಾಯಿಲೆಕ್ಕದಲ್ಲೇ ಹೇಳಿಬಿಟ್ಟೆ. ಹತ್ತನೆಯ ತರಗತಿಯಲ್ಲಿ ವರ್ಗ ಸಮೀಕರಣ ಬಂದಾಗ ಹಳೆಯ ನೆಂಟರು ಬಂದಂತಾಯಿತು.

ಹೋದ ವರ್ಷ ನಾವು 30–40ರ ನಿವೇಶನದಲ್ಲಿ ಮನೆ ಕಟ್ಟಿಸಿದೆವು. ಗುರುತು ಹಾಕಿದ ದಿನ ಕರ್ಣ ಅಳೆಯಿರಿ ಎಂದೆ. ಎರಡೂ 50 ಅಡಿ ಬರಬೇಕು. ಒಂದು ಐವತ್ತೂವರೆ, ಇನ್ನೊಂದು ನಲವತ್ತೊಂಬತ್ತೂವರೆ ಬಂತು. "ಎಷ್ಟು ಜಾಗ ಹೋಯಿತು?" ಎಂದು ಯಜಮಾನರು ಗಾಬರಿಯಾದರು. ಲೆಕ್ಕ ಹಾಕಿದೆ: 1200ರಲ್ಲಿ ಸುಮಾರು ಕಾಲು ಚದರ ಅಡಿ. ಅವರು ನಕ್ಕು ಸುಮ್ಮನಾದರು. ಮೇಸ್ತ್ರಿ ನಗಲಿಲ್ಲ. "ಜಾಗ ಹೋಗೋದಲ್ಲಮ್ಮ, ನಾಳೆ ಗೋಡೆ ಪಕ್ಕದ ಟೈಲ್ಸೆಲ್ಲ ಓರೆಯಾಗಿ ಕತ್ತರಿಸಬೇಕಾಗುತ್ತೆ" ಎಂದು ಮೂಲೆಮಟ್ಟ ತರಲು ಹುಡುಗನನ್ನು ಓಡಿಸಿದ.