ಹಿಂದಿನ ಸೀಟು ಅವ್ವಂದು

ನವೆಂಬರ್ 23, 2025, ರವಿವಾರ
ಬಾಗಲಕೋಟೆ, ರಾತ್ರಿ

ಇವತ್ತು ಅವ್ವನನ್ನು ಹೊಸ ಸ್ಕೂಟರ್ ಗಾಡಿಯ ಹಿಂದೆ ಕೂಡಿಸಿಕೊಂಡು ನವನಗರಕ್ಕೆ ಹೋಗಿ ಬಂದೆ. ಹೋಗುವಾಗ ಬರುವಾಗ ಒಮ್ಮೆಯೂ ಆಕೆ ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯಲಿಲ್ಲ. ಹಳೆಯ ಗಾಡಿಯಲ್ಲಿ ಹೋಗಿ ಬಂದ ದಿನ ಹೆಗಲ ಮೇಲೆ ಆಕೆಯ ಬೆರಳಿನ ಗುರುತು ಮೂಡಿರುತ್ತಿತ್ತು. ಮೂರು ತಿಂಗಳು ಅಲೆದು ಗಾಡಿ ಆರಿಸಿದ್ದು ಇದೊಂದರ ಸಲುವಾಗಿ. ವಯಸ್ಸಾದವರನ್ನು ಆಗೊಮ್ಮೆ ಈಗೊಮ್ಮೆ ಹಿಂದೆ ಕೂಡಿಸಿಕೊಂಡು ಓಡಾಡುವವರಿಗೆ ಉಪಯೋಗವಾದೀತು ಎಂದು ಬರೆದಿಡುತ್ತಿದ್ದೇನೆ.

ನಮ್ಮದು ಹಳೇ ಬಾಗಲಕೋಟೆ, ಕಿಲ್ಲಾದ ಹತ್ತಿರದ ಓಣಿ. ನನ್ನ ಕೆಲಸ ನವನಗರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ. ಹೋಗಿ ಬಂದು ದಿನಕ್ಕೆ ಹದಿನೈದು ಕಿಲೋಮೀಟರ್ ಆಗುತ್ತದೆ. ವಾರದ ಆರು ದಿನ ನಾನೊಬ್ಬಳೇ. ಹದಿನೈದು ದಿನಕ್ಕೊಮ್ಮೆ ಅವ್ವ ಹಿಂದೆ. ಆಕೆಗೆ ಮಂಡಿನೋವು, ನವನಗರದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಅದು ಮುಗಿದ ಮೇಲೆ ಚಿಗವ್ವನ ಮನೆ. ಖರೆ ಹೇಳಬೇಕೆಂದರೆ ಅವ್ವ ಹೊರಡುವುದೇ ಚಿಗವ್ವನ ಸಲುವಾಗಿ. ಅಕ್ಕ ತಂಗಿ ಇಬ್ಬರನ್ನೂ ಇದೇ ಊರಿಗೆ ಕೊಟ್ಟಿದ್ದರು, ನಡುವೆ ಎರಡು ಓಣಿ. ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ಹೋಗಿ ಮಾತಾಡಿಸಿ ಬರುತ್ತಿದ್ದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಚಿಗವ್ವನ ಓಣಿ ಹೋಯಿತು, ನಮ್ಮದು ಉಳಿಯಿತು. ಅವರಿಗೆ ನವನಗರದ ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಅವತ್ತಿನಿಂದ ಇಬ್ಬರ ನಡುವೆ ವಿದ್ಯಾಗಿರಿಯ ಏರು ಬಂದು ನಿಂತಿದೆ. ಬಸ್ಸಿನ ಮೆಟ್ಟಿಲು ಆಕೆಯ ಮಂಡಿಗೆ ಆಗದು, ಆಟೋದ ಬಾಡಿಗೆ ಕೇಳಿದರೆ ಆಕೆ ಹೊರಡುವುದೇ ಇಲ್ಲ. ಉಳಿದದ್ದು ನನ್ನ ಗಾಡಿ.

ಹಳೆಯದಕ್ಕೆ ಹದಿನಾಲ್ಕು ವರ್ಷವಾಗಿತ್ತು. ಇನ್ನೂ ಒಂದೆರಡು ವರ್ಷ ನೂಕಬಹುದಿತ್ತು. ಶ್ರಾವಣದ ಒಂದು ಸಂಜೆ ನಡೆದದ್ದು ಮನಸ್ಸು ಬದಲಿಸಿತು.

ಅವತ್ತು ವಿದ್ಯಾಗಿರಿಯಿಂದ ಊರ ಕಡೆ ಇಳಿಯುತ್ತಿದ್ದೆವು. ಗಾಳಿ ಜೋರಿತ್ತು. ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಹಾರ್ನ್ ಹೊಡೆಯುತ್ತಾ ಒಂದೇ ಸಮನೆ ಕೂಗಿದ: ‘ಅಕ್ಕಾರ, ಸೆರಗು! ಸೆರಗು!’ ಬ್ರೇಕ್ ಹಿಡಿದು ನಿಂತೆ. ಅವ್ವನ ಇಳಕಲ್ ಸೀರೆಯ ಸೆರಗು ಬಲಗಡೆ ಜಾರಿ ಹಿಂದಿನ ಗಾಲಿಗೆ ತಾಗಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಎಳೆದುಕೊಳ್ಳುತ್ತಿತ್ತು. ಮನೆಗೆ ಬಂದು ದೀಪದ ಬೆಳಕಿಗೆ ಹಿಡಿದು ನೋಡಿದೆವು. ಟೋಪತೆನಿ ಸೆರಗಿನ ಅಂಚು ಗ್ರೀಸಿನಿಂದ ಕರ್ರಗಾಗಿತ್ತು. ಮೈಯ ನೂಲಿಗೂ ಸೆರಗಿನ ರೇಷ್ಮೆಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಸಾಲಿನಲ್ಲಿ ಒಂದು ಗೇಣು ಬಿಟ್ಟುಕೊಂಡಿತ್ತು. ಅವ್ವ ಮಾತಾಡಲಿಲ್ಲ. ಕೈ ಮುಟ್ಟಿದೆ, ತಣ್ಣಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನಿಂದ ಕೂತು ನೋಡಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಒಂದೇ ಕಡೆ ಕಾಲು ಹಾಕಿ ಕೂಡುವಾಗ ಎಡಕ್ಕೆ ಕಾಲು ಇಳಿಬಿಡುತ್ತಾರೆ. ಗೇರಿಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ಎಡಗಡೆ ಇಂಜಿನ್, ಬೆಲ್ಟಿನ ಪೆಟ್ಟಿಗೆ ಇರುತ್ತದೆ, ಆ ಕಡೆ ಗಾಲಿ ಬಹಳಷ್ಟು ಮುಚ್ಚಿರುತ್ತದೆ. ಎಲ್ಲರೂ ಕಾಲಿನ ಕಡೆಯೇ ನೋಡುತ್ತೇವೆ. ಆದರೆ ಎಡಕ್ಕೆ ಮುಖ ಮಾಡಿ ಕೂತವರ ಬೆನ್ನು ಬಲಕ್ಕಿರುತ್ತದೆ, ಬೆನ್ನ ಮೇಲಿನ ಸೆರಗು ಜಾರುವುದೂ ಬಲಕ್ಕೆ. ಅಲ್ಲಿ ಗಾಲಿ ಬಯಲು, ಪಕ್ಕದಲ್ಲೇ ಕಾದ ಸೈಲೆನ್ಸರ್. ಹಿಂದೆ ಕೂಡುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನನ್ನ ಗಾಡಿಯ ಆ ಮರೆ, ಅಂದರೆ ಸಾರಿ ಗಾರ್ಡ್, ಯಾವಾಗಲೋ ಪಂಕ್ಚರ್ ತೆಗೆಸುವಾಗ ಬಿಚ್ಚಿದ್ದು, ಮತ್ತೆ ಹಾಕಿಸಿರಲಿಲ್ಲ. ಆ ತಪ್ಪು ನನ್ನದು.

ಆಗ ಅಪ್ಪನ ಚೇತಕ್ ನೆನಪಾಯಿತು. ಬಜಾಜ್ ಚೇತಕ್ ಬಂದದ್ದು 1972ರಲ್ಲಿ. ಅಪ್ಪ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯ್ದು ತಂದಿದ್ದ. ಅದರ ಗಾಲಿ ತಗಡಿನ ಮೈಯೊಳಗೆ ಅಡಗಿರುತ್ತಿತ್ತು. ಇಂಜಿನ್ ಬಲಗಡೆಯ ಡುಬ್ಬದೊಳಗೆ. ಸೆರಗು ಎಷ್ಟು ಜಾರಿದರೂ ತಾಗುತ್ತಿದ್ದುದು ತಗಡಿಗೆ. ಅವ್ವ ಅದರ ಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ಬಂದವಳು. ಹಿಂದೆ ಕೂಡುವುದಕ್ಕೆ ಆಕೆ ಅಂಜಿದ್ದು ನನ್ನ ಗಾಡಿಯಲ್ಲೇ ಮೊದಲು.

ಸಂಘದಲ್ಲಿ ಹೊಸ ಗಾಡಿಯ ಮಾತು ತೆಗೆದರೆ ಎಲ್ಲರೂ ಹೇಳಿದ್ದು ಆ್ಯವರೇಜ್ ಮತ್ತು ಪಿಕಪ್. ಒಬ್ಬರು ಆಕ್ಟಿವಾ, ಮತ್ತೊಬ್ಬರು ಆ್ಯಕ್ಸೆಸ್, ಇನ್ನೊಬ್ಬರು ಕರೆಂಟಿನದು ಎಂದರು. ಹಿಂದಿನ ಸೀಟಿನ ವಿಚಾರ ಯಾರೂ ಎತ್ತಲಿಲ್ಲ. ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದರಿಂದ ದಸರಾ ದೀಪಾವಳಿಗೆ ಶೋರೂಮುಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಪಾಡ್ಯಕ್ಕೆ ಗಾಡಿ ಮನೆಗೆ ಬರಲಿ ಎಂದು ಅಣ್ಣ ಅವಸರ ಮಾಡಿದ. ನಾನು ತಡೆದೆ. ಗದ್ದಲದಲ್ಲಿ ಅವ್ವನನ್ನು ಕೂಡಿಸಿ ನೋಡಲಾಗುವುದಿಲ್ಲ.

ಹಬ್ಬ ಮುಗಿದ ಮೇಲೆ ಮೊದಲ ಶೋರೂಮಿಗೆ ಹೋದೆವು. ಆ ಹುಡುಗ ಒಳ್ಳೆಯವನೇ. ‘ಅಕ್ಕಾರ, ಇದರಾಗ ಬ್ಲೂಟೂತ್ ಐತ್ರಿ, ಫೋನ್ ಬಂದ್ರ ಇಲ್ಲೇ ತೋರಸ್ತೈತಿ’ ಎಂದು ಉತ್ಸಾಹದಿಂದ ತೋರಿಸಿದ. ನಾನು ಅವ್ವನನ್ನು ಹಿಂದೆ ಕೂಡಿಸಿ ಒಂದು ಸುತ್ತು ಹೋಗಿ ಬರುತ್ತೇನೆಂದೆ. ‘ಟೆಸ್ಟ್ ರೈಡ್ ನಿಮಗಷ್ಟೇರಿ. ಹಿಂದ ಅಮ್ಮಾರನ್ನ ಕೂಡಸಾಕ ಬರೂದಿಲ್ಲರಿ.’ ಹಾಗಾದರೆ ನಾನೊಬ್ಬಳೇ ಹೋಗಿ ಬರಲೇ ಎಂದು ಯೋಚಿಸುತ್ತಿದ್ದೆ. ಅವ್ವ ಮೆಟ್ಟಿಲ ಕಡೆ ತಿರುಗಿಯೇ ಬಿಟ್ಟಿದ್ದಳು. ‘ನಾ ಕೂಡೂದು ಹಿಂದ. ನನ್ನ ಬಿಟ್ಟ ನೀ ಹೆಂಗ ಆರಸ್ತಿ?’

ಆ ಮಾತು ಕೇಳಿದ ಮೇಲೆ ನಾನು ಚೀಲದಲ್ಲಿ ಹೊಲಿಗೆಯ ಟೇಪು ಇಟ್ಟುಕೊಂಡೇ ತಿರುಗಿದೆ.

ಗಾಡಿಯ ವಿವರದ ಕಾಗದದಲ್ಲಿ ಸೀಟಿನ ಎತ್ತರ ಎಂದು ಬರೆದಿರುತ್ತದೆ. ಆಕ್ಟಿವಾ 764 ಮಿಲಿಮೀಟರ್, ಆ್ಯಕ್ಸೆಸ್ 773, ಕರೆಂಟಿನ ಏಥರ್ ರಿಜ್ಟಾ 780, ಹೀಗೆ. ಅದು ಓಡಿಸುವವರು ಕೂಡುವ ಜಾಗದ ಲೆಕ್ಕ. ಹಿಂದಿನ ಸೀಟು ಅದಕ್ಕಿಂತ ಮೇಲಿರುತ್ತದೆ, ಎಷ್ಟು ಮೇಲೆ ಎಂದು ಎಲ್ಲೂ ಬರೆದಿರುವುದಿಲ್ಲ. ಕೆಲವು ಗಾಡಿಗಳಲ್ಲಿ ಸೀಟು ಒಂದೇ ಸಮನಾಗಿ ಹೋಗುತ್ತದೆ, ಕೆಲವುಗಳಲ್ಲಿ ನಡುವೆ ಏರು ಇದೆ. ನೋಡಲು ಆ ಏರು ಚಂದ, ಹತ್ತುವ ಅವ್ವನಿಗೆ ಅದೇ ಕಷ್ಟ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಾಗ ಆಕೆಯ ಮಂಡಿಗೆ ಹಿತವಾಗಿರುತ್ತದೆ, ಪಾದ ನೆಲಕ್ಕೆ ಪೂರ್ತಿ ಊರುತ್ತದೆ. ಆ ಕಟ್ಟೆಯ ಎತ್ತರ ಅಳೆದೆ. ಸೀಟಿನಿಂದ ಕಾಲಿಡುವ ತಗಡಿನವರೆಗೆ ಅಷ್ಟೇ ಅಂತರ ಬೇಕು. ತಗಡು ಮೇಲಾದರೆ ಮಂಡಿ ಬಹಳ ಮಡಚುತ್ತದೆ, ಕೆಳಗಾದರೆ ಕಾಲು ಜೋತುಬಿದ್ದು ಹತ್ತು ನಿಮಿಷಕ್ಕೆ ಜುಮ್ಮೆನ್ನುತ್ತದೆ. ಹುಡುಗರಿಗೆ ಕೊಡುವ ಮಡಚುವ ಸಣ್ಣ ಫುಟ್‌ರೆಸ್ಟ್ ಒಂದು ಕಡೆ ಕೂಡುವವರಿಗೆ ಉಪಯೋಗವಿಲ್ಲ. ಎರಡೂ ಪಾದ ಜೊತೆಯಾಗಿ ಇಡುವಷ್ಟು ಅಗಲದ ತಗಡೇ ಬೇಕು.

ಎರಡನೆಯ ಮಾತು ಗಾಲಿ. ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಆಕ್ಟಿವಾದಲ್ಲಿ, ಆ್ಯಕ್ಸೆಸ್‌ನಲ್ಲಿ ಮುಂದೆ 12 ಇಂಚಿನ ಗಾಲಿ, ಹಿಂದೆ 10 ಇಂಚು. ಟಿವಿಎಸ್ ಜುಪಿಟರಿಗೆ ಎರಡೂ 12. ಓಡಿಸುವವಳಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು, ಏಕೆಂದರೆ ನಾವು ಎರಡು ಗಾಲಿಗಳ ನಡುವೆ ಕೂಡುತ್ತೇವೆ. ಹಿಂದೆ ಕೂಡುವವರು ಕೂಡುವುದು ಹಿಂದಿನ ಗಾಲಿಯ ನೆತ್ತಿಯ ಮೇಲೆ. ಗಾಲಿ ಸಣ್ಣದಿದ್ದಷ್ಟೂ ತಗ್ಗಿನೊಳಗೆ ಆಳವಾಗಿ ಇಳಿಯುತ್ತದೆ, ಆ ಪೆಟ್ಟು ನೇರವಾಗಿ ಅವರ ಸೊಂಟಕ್ಕೆ. ನವನಗರದ ರಸ್ತೆ ಅಗಲ, ಆದರೆ ಹಳೇ ಊರಿನ ಓಣಿಯ ತಗ್ಗುಗಳನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ.

ಕರೆಂಟಿನ ಗಾಡಿಯನ್ನು ಮನಸ್ಸಿಟ್ಟು ನೋಡಿದೆ. ತಿಂಗಳಿಗೆ ನಾನು 390 ಕಿಲೋಮೀಟರ್ ಓಡುತ್ತೇನೆ. ನನ್ನ ಹಳೆಯ ಗಾಡಿ ಲೀಟರಿಗೆ 45 ಕೊಡುತ್ತಿತ್ತು, ಅಂದರೆ ಸುಮಾರು ಒಂಬತ್ತು ಲೀಟರ್ ಪೆಟ್ರೋಲ್. ಅದೇ ದಾರಿಗೆ ಕರೆಂಟಿನ ಖರ್ಚು ಬಹಳ ಕಡಿಮೆ. ಸೈಲೆನ್ಸರ್ ಇಲ್ಲ, ನಡುಕ ಇಲ್ಲ. ರಿಜ್ಟಾದ ಉದ್ದನೆಯ ಸೀಟು ಅವ್ವನಿಗೆ ಬಹಳ ಹಿಡಿಸಿತು. ಹಿಂದಿನ ದಿಂಬು ಮಾತ್ರ ಎರಡೂ ಕಡೆ ಕಾಲು ಹಾಕಿ ಕೂಡುವವರಿಗೆ, ಪಕ್ಕಕ್ಕೆ ಕೂತವರ ಬೆನ್ನಿಗೆ ಅದು ಸಿಗದು. ಕಡೆಗೆ ಬೇಡವೆನಿಸಿದ್ದು ನಮ್ಮ ಮನೆಯಿಂದ. ಗಾಡಿ ನಿಲ್ಲುವುದು ಓಣಿಯಲ್ಲಿ, ಕಟ್ಟೆಯ ಪಕ್ಕ. ಕಿಟಕಿಯಿಂದ ವೈರ್ ಎಳೆದು ರಾತ್ರಿಯೆಲ್ಲ ಚಾರ್ಜಿಗೆ ಹಾಕಬೇಕು, ಓಣಿಯಲ್ಲಿ ಸಣ್ಣ ಮಕ್ಕಳು ಆಡುತ್ತವೆ, ದನ ಬರುತ್ತವೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಮನೆಯೊಳಗೆ ಗಾಡಿ ನಿಲ್ಲಿಸುವ ಜಾಗವಿದ್ದವರಿಗೆ ನಾನು ಅದನ್ನೇ ತಗೊಳ್ಳಿ ಎನ್ನುತ್ತೇನೆ.

ಮೂರನೆಯ ಶೋರೂಮಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದರು. ನಾನು ಟೇಪು ತೆಗೆದದ್ದು ನೋಡಿ ತಾವೇ ಬಂದು ಗಾಡಿ ಹಿಡಿದುಕೊಂಡರು. ‘ಅಮ್ಮಾರ, ನೀವು ಹತ್ತಿ ಇಳದು ಮಾಡ್ರಿ, ನಾಕು ಸಲ ಮಾಡ್ರಿ, ಯಾರೂ ಅವಸರ ಮಾಡೂದಿಲ್ಲ.’ ಅವ್ವ ಜುಪಿಟರ್ 110ರ ಮೇಲೆ ಕೂತಳು. ಇಳಿದಳು. ಮತ್ತೆ ಕೂತಳು. ತಗಡಿನ ಮೇಲೆ ಎರಡೂ ಪಾದ ಊರಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಬಲಗೈಯಿಂದ ನನ್ನ ಭುಜವನ್ನು ಸುಮ್ಮನೆ ಮುಟ್ಟಿ, ಎಡಗೈಯಿಂದ ಹಿಂದಿನ ಹಿಡಿಕೆ ಹಿಡಿದಳು. ‘ಇದು ಕಟ್ಟಿ ಮ್ಯಾಲ ಕುಂತಂಗ ಐತಿ’ ಎಂದಳು. ನಾನು ಕಟ್ಟೆ ಅಳೆದದ್ದನ್ನು ಆಕೆಗೆ ಹೇಳಿರಲಿಲ್ಲ.

ಒಂದು ಸುತ್ತು ಹೋಗಿ ಬಂದೆವು. ಪೆಟ್ರೋಲ್ ಟ್ಯಾಂಕು ಕಾಲಿಡುವ ಹಲಗೆಯ ಕೆಳಗಿರುವುದರಿಂದ ಭಾರ ಕೆಳಗೆ ನಿಲ್ಲುತ್ತದೆ. ಪಕ್ಕಕ್ಕೆ ಕೂತವರ ತೂಕ ಎಡಕ್ಕೆ ಎಳೆಯುವಾಗ ಅದರ ಗುಣ ಹ್ಯಾಂಡಲಿನಲ್ಲಿ ಗೊತ್ತಾಗುತ್ತದೆ. ಪೆಟ್ರೋಲ್ ಹಾಕಿಸುವುದು ಮುಂದಿನಿಂದ, ಹೀಗಾಗಿ ಬಂಕಿನಲ್ಲಿ ಅವ್ವ ಇಳಿಯಬೇಕಾಗಿಲ್ಲ. ಒಮ್ಮೆ ಇಳಿದು ಮತ್ತೆ ಹತ್ತುವುದು ಆಕೆಗೆ ಎಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತು. 125 ಸಿಸಿ ತಗೊಳ್ಳಿ, ಏರಿಗೆ ಬಲ ಬೇಕು ಎಂದು ಕೆಲವರು ಹೇಳಿದ್ದರು. ವಿದ್ಯಾಗಿರಿಯ ಏರಿಗೆ ಇದರ 113 ಸಿಸಿ ಸಾಕಾಯಿತು.

ಬಿಲ್ಲು ಬರೆಸುವಾಗ ಸೀಟ್ ಕವರ್, ಮ್ಯಾಟ್, ಸುತ್ತಲಿನ ಕ್ರ್ಯಾಶ್ ಗಾರ್ಡ್ ಎಂದು ಪಟ್ಟಿ ಬೆಳೆಯಿತು. ಸೀಟ್ ಕವರ್ ಬೇಡವೆಂದೆ. ರೆಕ್ಸಿನ್ನಿನ ನುಣುಪಿಗೆ ಸೀರೆ ಜಾರುತ್ತದೆ, ಬ್ರೇಕ್ ಹಿಡಿದಾಗ ಪಕ್ಕಕ್ಕೆ ಕೂತವರು ಮುಂದಕ್ಕೆ ಸರಿಯುತ್ತಾರೆ. ಆ ದುಡ್ಡಿಗೆ ಬಲಗಡೆ ಇನ್ನಷ್ಟು ಒತ್ತಾಗಿ ಹೆಣೆದ ಸಾರಿ ಗಾರ್ಡ್ ಹಾಕಿಸಿದೆ. ಆ ಮೆಕ್ಯಾನಿಕ್ ಸಂದಿಯೊಳಗೆ ತಮ್ಮ ಟವೆಲ್ ತೂರಿಸಿ ನೋಡಿ, ತೂರದೇ ಇದ್ದಾಗ ತಲೆಯಾಡಿಸಿದರು.

ಹೆಲ್ಮೆಟ್ಟಿನದು ಬೇರೆ ಕತೆ. ನಮ್ಮ ರಾಜ್ಯದಲ್ಲಿ ಹಿಂದೆ ಕೂಡುವವರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಅವ್ವ ಇಷ್ಟು ವರ್ಷ ಸೆರಗು ಹೊದ್ದುಕೊಂಡೇ ಬಂದಿದ್ದಳು. ತುರುಬಿನ ಮೇಲೆ ಹೆಲ್ಮೆಟ್ ಕೂಡುವುದಿಲ್ಲ, ಹಿಂದಿನಿಂದ ಎದ್ದು ಹಣೆಗೆ ಇಳಿಯುತ್ತದೆ. ನಾಲ್ಕು ಅಂಗಡಿ ತಿರುಗಿದೆವು. ಕೊನೆಗೆ ಐಎಸ್‌ಐ ಗುರುತಿನ, ಮುಖ ಬಿಟ್ಟಿರುವ ಹಗುರವಾದದ್ದು ಸಿಕ್ಕಿತು. ಇವತ್ತು ಬೆಳಿಗ್ಗೆ ಅವ್ವ ಕನ್ನಡಿಯ ಮುಂದೆ ನಿಂತು ತುರುಬು ಬಿಚ್ಚಿ, ಕತ್ತಿಗೆ ತಾಗುವಷ್ಟು ಕೆಳಗೆ ಕಟ್ಟಿಕೊಂಡಳು. ಗುಳೇದಗುಡ್ಡ ಖಣದ ಕುಪ್ಪಸ, ಅದೇ ಇಳಕಲ್ ಸೀರೆ. ಬಿಟ್ಟುಕೊಂಡಿದ್ದ ಜಾಗವನ್ನು ತಾನೇ ಹೊಲಿದಿದ್ದಳು, ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಹೆಲ್ಮೆಟ್ಟಿನ ಪಟ್ಟಿ ನಾನು ಹಾಕಿದೆ.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಹೋಗುತ್ತಿತ್ತು. ಹಿಂದಿಕ್ಕುವ ಗೋಜಿಗೆ ಹೋಗದೆ ನಿಧಾನಕ್ಕೆ ಅದರ ಹಿಂದೆಯೇ ಹೋದೆ. ಅವ್ವ ಹಿಂದಿನಿಂದ ಮಾತಾಡುತ್ತಿದ್ದಳು. ಮೊದಲೆಲ್ಲ ಗಾಡಿಯ ಮೇಲೆ ಆಕೆ ಬಾಯಿ ಬಿಡುತ್ತಿರಲಿಲ್ಲ, ದೇವರ ಹೆಸರು ಹೇಳುತ್ತಾ ಕೂಡುತ್ತಿದ್ದಳು. ಇವತ್ತು ಯಾರ ಮನೆಯ ಗೋಡೆಗೆ ಬಣ್ಣ ಬಂದಿದೆ, ಯಾರ ಬಾಗಿಲಿಗೆ ಬೀಗ ಬಿದ್ದಿದೆ ಎಲ್ಲ ಹೇಳಿದಳು.

ಚಿಗವ್ವ ಸಪ್ಪಳ ಕೇಳಿ ಹೊರಗೆ ಬಂದು ಗಾಡಿಗೆ ಅರಿಶಿನ ಕುಂಕುಮ ಹಚ್ಚಿದಳು. ಊಟವಾದ ಮೇಲೆ ಹಿಂದಿನ ಸೀಟಿನ ಮೇಲೆ ಕೈ ಆಡಿಸಿ, ತಾನೂ ಒಮ್ಮೆ ಕೂತು ನೋಡಿ ಹೇಳಿದಳು: ‘ಯವ್ವಾ, ಮುಂದಿನ ರವಿವಾರ ನನ್ನ ಕರಕೊಂಡ ಹೋಗ. ನೀರಿನ ದಂಡಿಗೆ ನಿಂತು ನಮ್ಮ ಓಣಿ ಎಲ್ಲಿತ್ತು ಅಂತ ಒಂದ್ಸಲ ನೋಡಬೇಕು.’

ಚಿಗವ್ವ ಅವ್ವನಿಗಿಂತ ದಪ್ಪ. ಶನಿವಾರ ಸಂಜೆ ಹಿಂದಿನ ಗಾಲಿಗೆ ಗಾಳಿ ಹೆಚ್ಚು ಹಾಕಿಸಬೇಕು, ಶಾಕಪ್ಪನ್ನು ಒಂದು ಹಂತ ಗಟ್ಟಿ ಮಾಡಿಸಬೇಕು.