ಹ್ಯೂಸ್ಟನ್ನಿನಿಂದ ಬಂದ ‘ರಿ’

ಸೋಮವಾರ ರಾತ್ರಿ ಎಂಟೂವರೆಗೆ ನಮ್ಮ ಮನೆಯ ಟೀವಿ ಬಾಯಿ ಮುಚ್ಚುತ್ತದೆ. ದಾವಣಗೆರೆಯ ವಿದ್ಯಾನಗರದಲ್ಲಿ ನನ್ನೊಡನೆಯೇ ಇರುವ ಎಪ್ಪತ್ತೈದರ ಅಕ್ಕ ಅಷ್ಟರೊಳಗೆ ಊಟ ಮುಗಿಸಿ, ಮುಖ ತೊಳೆದು ವಿಭೂತಿ ಹಚ್ಚಿಕೊಂಡು, ನನ್ನ ಮೊಬೈಲನ್ನು ಅವಲಕ್ಕಿ ಡಬ್ಬಿಗೆ ಒರಗಿಸಿಟ್ಟು ಕಾಯುತ್ತಾಳೆ. ಆ ಹೊತ್ತಿಗೆ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಬೆಳಗಿನ ಹತ್ತು ಗಂಟೆ. ಅವಳ ಹತ್ತೊಂಬತ್ತು ವರ್ಷದ ಮೊಮ್ಮಗ, ಕಾಸು ಹಾಕಿದರೆ ಬಟ್ಟೆ ಒಗೆದುಕೊಡುವ ಯಂತ್ರಗಳ ಅಂಗಡಿಯೊಂದರಲ್ಲಿ ಕುಳಿತು, ತನ್ನ ವಾರದ ಬಿಳಿ ಅಂಗಿಗಳು ಗಾಜಿನ ಬಾಗಿಲಿನ ಹಿಂದೆ ತಿರುಗುತ್ತಿರುವಾಗ, ಅಜ್ಜಿಗೆ ಕರೆ ಮಾಡುತ್ತಾನೆ.

ಅವನ ತಾಯಿ, ಎಂದರೆ ಅಕ್ಕನ ಒಬ್ಬಳೇ ಮಗಳು, ಓದಲೆಂದು ಯೂಟಾ ರಾಜ್ಯಕ್ಕೆ ಹೋದವಳು ಅಲ್ಲಿಯೇ ಮದುವೆಯಾಗಿ ಗಂಡನ ಮನೆಯವರ ಧರ್ಮಸಭೆಗೆ ಸೇರಿಕೊಂಡಳು. ಲೋಕ ಅವರನ್ನು ಮಾರ್ಮನ್ನರು ಎನ್ನುತ್ತದೆ. 2018ರಲ್ಲಿ ಆ ಸಭೆಯ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಅವರು ಈ ಅಡ್ಡಹೆಸರನ್ನು ಬಿಟ್ಟು, ‘ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂಬ ಅರ್ಥದ ಪೂರ್ಣ ಹೆಸರನ್ನೇ ಬಳಸಬೇಕೆಂದು ಕೇಳಿಕೊಂಡಿದ್ದರಿಂದ, ಹುಡುಗ ನಮ್ಮನ್ನು ಪ್ರತಿ ಸಲವೂ ತಿದ್ದುತ್ತಾನೆ. ಅಷ್ಟುದ್ದದ ಹೆಸರು ಅಕ್ಕನ ನಾಲಿಗೆಗೆ ಒಗ್ಗಿಲ್ಲ. ಅವಳು ‘ಅವರ ಮಠ’ ಎಂದು ಮುಗಿಸಿಬಿಡುತ್ತಾಳೆ. ಆ ಮಠದ ಕಟ್ಟಳೆಯಂತೆ ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ, ಹುಡುಗಿಯರು ಹೋಗುವುದಾದರೆ ಹದಿನೆಂಟು ತಿಂಗಳು, ಊರೂರು ಸುತ್ತಿ ಧರ್ಮಪ್ರಚಾರ ಮಾಡುತ್ತಾರೆ. ಊರನ್ನು ಅವರು ಆರಿಸಿಕೊಳ್ಳುವಂತಿಲ್ಲ, ಸಂಬಳವಿಲ್ಲ, ಖರ್ಚಿನ ಹಣವನ್ನು ಮನೆಯವರೇ ತಿಂಗಳು ತಿಂಗಳು ಕಟ್ಟಬೇಕು. 2019ರ ಫೆಬ್ರವರಿಯವರೆಗೆ ಮನೆಗೆ ಫೋನು ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶವಿತ್ತಂತೆ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಇವನಿಗೆ ಬಂದ ಆದೇಶದಲ್ಲಿ ಹ್ಯೂಸ್ಟನ್ ಎಂದೂ ಸ್ಪ್ಯಾನಿಷ್ ಭಾಷೆ ಎಂದೂ ಇತ್ತು. ಯೂಟಾದ ಪ್ರೋವೋ ಎಂಬಲ್ಲಿನ ತರಬೇತಿ ಕೇಂದ್ರದಲ್ಲಿ ಸುಮಾರು ಆರು ವಾರ ಭಾಷೆ ಕಲಿಸಿ ಕಳುಹಿಸಿದರು.

ಇಪ್ಪತ್ತು ವರ್ಷವಾಗುತ್ತ ಬಂದರೂ ಅಜ್ಜಿಯ ಭಾಷೆ ಬಾರದ ಹುಡುಗ ಆರು ವಾರದಲ್ಲಿ ಊರವರ ಭಾಷೆ ಕಲಿತನಲ್ಲ ಎಂಬುದು ಅಕ್ಕನ ಮೊದಲ ದೂರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗಂತೂ ಇರಲೇ ಇಲ್ಲ.

ವಾರದಲ್ಲಿ ಸೋಮವಾರವೊಂದೇ ಅವನಿಗೆ ಬಿಡುವು. ಅದನ್ನು ಸಿದ್ಧತೆಯ ದಿನ ಎನ್ನುತ್ತಾರೆ. ಬಟ್ಟೆ, ಕ್ಷೌರ, ಸಂತೆ, ಪತ್ರ ಎಲ್ಲವೂ ಸಂಜೆ ಆರರೊಳಗೆ ಮುಗಿಯಬೇಕು. ಉಳಿದ ದಿನಗಳಲ್ಲಿ ಬೆಳಗ್ಗೆ ಆರೂವರೆಗೆ ಎದ್ದು, ಗ್ರಂಥವನ್ನೂ ಭಾಷೆಯನ್ನೂ ಓದಿ, ಸೈಕಲ್ ಹತ್ತಿ ಹೊರಟರೆ ಮರಳಿ ಬರುವುದು ರಾತ್ರಿಯೇ. ಮನೆಮನೆಯ ಬಾಗಿಲು ತಟ್ಟುವುದು, ಬಾ ಎಂದವರ ಮನೆಗೆ ಮತ್ತೆ ಹೋಗುವುದು, ಯಾರೋ ಮನೆ ಬದಲಿಸುತ್ತಿದ್ದರೆ ಮಂಚ ಹೊರುವುದು, ವಾರದಲ್ಲಿ ಒಂದು ಸಂಜೆ ಪುಕ್ಕಟೆ ಇಂಗ್ಲಿಷ್ ಪಾಠ ಹೇಳುವುದು ಇವು ಅವನ ಕೆಲಸಗಳು. ಬಹಳಷ್ಟು ಬಾಗಿಲುಗಳು ತೆರೆಯುವುದಿಲ್ಲ. ಎದೆಯ ಮೇಲೆ ಕಪ್ಪು ಪಟ್ಟಿ, ಅದರಲ್ಲಿ ಮನೆತನದ ಹೆಸರು, ಅದಕ್ಕೂ ಮೊದಲು ‘ಎಲ್ಡರ್’ ಎಂಬ ಬಿರುದು. ಎಲ್ಡರ್ ಎಂದರೆ ಹಿರಿಯ ಎಂದು ನಾನು ಅರ್ಥ ಹೇಳಿದಾಗ, ಮೀಸೆ ಸರಿಯಾಗಿ ಮೂಡದ ಆ ಹಿರಿಯನನ್ನು ನೋಡಿ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಪ್ರಚಾರಕರು ಎಂದೂ ಒಂಟಿಯಾಗಿರಬಾರದು, ಇಬ್ಬರೂ ಒಬ್ಬರಿಗೊಬ್ಬರು ಕಣ್ಣಳತೆಯಲ್ಲೇ ಇರಬೇಕು ಎಂಬ ನಿಯಮ ಅವಳಿಗೆ ತುಂಬ ಹಿಡಿಸಿದೆ. ಪರದೆಯಲ್ಲಿ ಜೊತೆಗಾರ ಕಾಣದಿದ್ದರೆ ‘ಆ ಇನ್ನೊಬ್ಬ ಎಲ್ಲಿ’ ಎಂದು ಕೇಳಿ, ಅವನು ಹಿಂದಿನಿಂದ ಕೈ ಬೀಸಿದ ಮೇಲೆಯೇ ಮಾತು ಮುಂದುವರಿಸುತ್ತಾಳೆ.

ಅವನು ಹೋಗುವ ಮನೆಗಳವರು ಮೆಕ್ಸಿಕೊ, ಎಲ್ ಸಾಲ್ವಡಾರ್, ಹೊಂಡುರಾಸ್ ಕಡೆಯಿಂದ ಬಂದು ನೆಲೆಸಿದವರು, ಹೆಚ್ಚಿನವರು ಕ್ಯಾಥೊಲಿಕರು. ಗೋಡೆಯ ಮೇಲೆ ಗ್ವಾಡಲೂಪೆ ಮಾತೆಯ, ಎಂದರೆ ಯೇಸುವಿನ ತಾಯಿ ಮೇರಿಯ, ಪಟವಿರುತ್ತದೆ. ‘ಅವರೂ ಯೇಸುವಿಗೇ ಕೈ ಮುಗಿಯುವವರಲ್ಲೇನು, ಅವರಿಗೆ ನೀನು ಹೇಳುವುದೇನು?’ ಎಂದು ಅಕ್ಕ ಒಂದು ಸೋಮವಾರ ನೇರವಾಗಿ ಕೇಳಿದಳು. ಅವನು 1830ರಲ್ಲಿ ಅಚ್ಚಾದ ತಮ್ಮ ಗ್ರಂಥದ ಕುರಿತು, 1886ರಲ್ಲಿಯೇ ಅದು ಪೂರ್ತಿಯಾಗಿ ಸ್ಪ್ಯಾನಿಷಿಗೆ ಬಂದುದರ ಕುರಿತು ಹೇಳಿದ. ಅಕ್ಕನಿಗೆ ಅದು ಉತ್ತರವೆನಿಸಲಿಲ್ಲ, ನನಗೂ ಅನಿಸಲಿಲ್ಲ. ಇನ್ನೊಬ್ಬರ ಮನೆಯ ಬಾಗಿಲಿಗೆ ಹೋಗಿ ನಿಮ್ಮ ನಂಬಿಕೆಗಿಂತ ನಮ್ಮದನ್ನು ನೋಡಿ ಎನ್ನುವ ಕೆಲಸ ನನಗೆ ಇಂದಿಗೂ ಒಪ್ಪಿಗೆಯಿಲ್ಲ, ಅದನ್ನು ಅವನಿಗೆ ಮುಚ್ಚಿಟ್ಟೂ ಇಲ್ಲ. ಹಾಗಿದ್ದರೂ, ಬಾಗಿಲು ಮುಚ್ಚಿಸಿಕೊಂಡು ಮುಂದಿನ ಮನೆಗೆ ನಡೆಯುವ ಆ ಹುಡುಗನ ಬಗ್ಗೆ ಅಕ್ಕ ‘ಜೋಳಿಗೆ ಇಲ್ಲದ ಜಂಗಮ’ ಎಂದಾಗ ನಾನು ತಿದ್ದಲು ಹೋಗಲಿಲ್ಲ.

ಬಾಗಿಲು ತೆರೆದ ಮನೆಗಳಲ್ಲಿ ಎಲ್ ಸಾಲ್ವಡಾರಿನ ಅಜ್ಜಿಯೊಬ್ಬರ ಮನೆಯೂ ಒಂದು. ಅವರು ಕೊಡುವ ಕಾಫಿಯನ್ನು ಇವನು ಮುಟ್ಟುವಂತಿಲ್ಲ, ಏಕೆಂದರೆ ಅವರ ಮಠದಲ್ಲಿ ಕಾಫಿ, ಚಹಾ, ಮದ್ಯ, ತಂಬಾಕು ಎಲ್ಲವೂ ನಿಷಿದ್ಧ. ಆದ್ದರಿಂದ ಆಕೆ ಪುಪುಸಾ ಮಾಡಿ ಬಡಿಸುತ್ತಾರೆ. ಆಕೆಯ ಒಪ್ಪಿಗೆ ಪಡೆದು ಹುಡುಗ ಅದನ್ನು ವಿಡಿಯೋ ಮಾಡಿ ಕಳುಹಿಸಿದ್ದ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಅರೆದ ಹಿಟ್ಟು. ಅದರ ಉಂಡೆಯನ್ನು ಬಟ್ಟಲಿನಂತೆ ಗುಣಿ ಮಾಡಿ, ಅರೆದ ಹುರುಳಿಕಾಯಿ ಬೀಜದ ಹೂರಣವನ್ನೂ ಚೀಸನ್ನೂ ತುಂಬಿ, ಬಾಯಿ ಮುಚ್ಚಿ, ಎರಡು ಅಂಗೈಗಳ ನಡುವೆ ಚಟಚಟನೆ ತಟ್ಟುತ್ತ ತಿರುಗಿಸಿ, ಕಾವಲಿಯ ಮೇಲೆ ಹಾಕುವುದು. ಅಕ್ಕ ಆ ವಿಡಿಯೋವನ್ನು ಏಳೆಂಟು ಸಲ ನೋಡಿದಳು. ನಮ್ಮ ಜಿಲ್ಲೆಯ ಹೊಲಗಳ ತುಂಬ ಮೆಕ್ಕೆಜೋಳವೇ, ಆದರೆ ಅದರಲ್ಲಿ ಹೆಚ್ಚಿನ ಪಾಲು ಕೋಳಿ ಮೇವಿಗೆ, ಕಾರ್ಖಾನೆಗೆ ಹೋಗುವಂಥದ್ದು. ಅದನ್ನು ಇಷ್ಟು ಅಕ್ಕರೆಯಿಂದ ತಟ್ಟುವವರಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ‘ಕೈ ಪಳಗಿದೆ, ಆದರೆ ಅಂಚು ದಪ್ಪ’ ಎಂದು, ಐವತ್ತು ವರ್ಷ ಜೋಳದ ರೊಟ್ಟಿ ತಟ್ಟಿದ ಅಧಿಕಾರದಿಂದ ತೀರ್ಪು ಕೊಟ್ಟಳು. ಹಂದಿ ಮಾಂಸ ತುಂಬಿದ ಪುಪುಸಾವೂ ಇರುತ್ತದೆಂದು ನಾನು ಓದಿದ್ದೆ. ಅದನ್ನು ಅಕ್ಕನಿಗೆ ಹೇಳಿಲ್ಲ.

ಈ ಅಜ್ಜಿಯ ಬಾಗಿಲಲ್ಲಿಯೇ ನಮ್ಮ ಹುಡುಗ ಎಡವಿದ್ದು. ಪ್ರೋವೋದಲ್ಲಿ ಅವನು ಮೊದಲು ಕಲಿತದ್ದು ಪ್ರಾರ್ಥನೆ. ಸ್ಪ್ಯಾನಿಷಿನಲ್ಲಿ ದೇವರನ್ನು ‘ತು’ ಎಂದು, ಎಂದರೆ ನೀನು ಎಂದು, ಏಕವಚನದಲ್ಲಿಯೇ ಕರೆಯುತ್ತಾರೆ. ಅಪರಿಚಿತರಿಗೆ, ಹಿರಿಯರಿಗೆ ‘ಉಸ್ತೆದ್’ ಎನ್ನಬೇಕು. ಪ್ರಾರ್ಥನೆಯ ಗುಂಗಿನಲ್ಲಿದ್ದವನು ಮೊದಲ ವಾರವೇ ಆಕೆಗೆ ‘ಕೋಮೊ ಎಸ್ತಾಸ್’ ಎಂದುಬಿಟ್ಟ. ‘ಕೋಮೊ ಎಸ್ತಾ’ ಎಂದಿದ್ದರೆ ಹೇಗಿದ್ದೀರಿ ಎಂದಾಗುತ್ತಿತ್ತು. ಕೊನೆಗೊಂದು ‘ಸ್’ ಸೇರಿ ಹೇಗಿದ್ದೀ ಎಂದಾಯಿತು. ಆಕೆ ಏನೂ ಅನ್ನಲಿಲ್ಲ, ರಸ್ತೆಗೆ ಬಂದ ಮೇಲೆ ಜೊತೆಗಾರ ಅಂದ. ನಮ್ಮಲ್ಲಿ ಗೌರವಕ್ಕೆ ಒಂದು ‘ರಿ’ ಕೂಡಿಸಬೇಕು, ಅವರಲ್ಲಿ ಒಂದು ‘ಸ್’ ಕಳೆಯಬೇಕು ಎಂದು ನಾನು ವಿವರಿಸಿದಾಗ ಹುಡುಗ ಬಟ್ಟೆ ಯಂತ್ರದ ಸದ್ದಿನ ನಡುವೆಯೂ ಕಿವಿಗೊಟ್ಟು ಕೇಳಿದ. ‘ಉಸ್ತೆದ್’ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬಂಥ ಹಳೆಯ ಮಾತಿನಿಂದ, ಆದ್ದರಿಂದ ಅದಕ್ಕೆ ಪ್ರಥಮ ಪುರುಷದ, ಎಂದರೆ ಅವನು, ಅವಳು ಎಂಬುದಕ್ಕೆ ಹೊಂದುವ, ಕ್ರಿಯಾಪದವೇ ಬರುತ್ತದೆ. ನಮ್ಮ ‘ತಾವು’ ಕೂಡ ಮೂಲದಲ್ಲಿ ಪ್ರಥಮ ಪುರುಷದ್ದೇ, ಎದುರಿಗಿರುವವರನ್ನು ಅಲ್ಲೆಲ್ಲೋ ದೂರದ ಪೀಠದ ಮೇಲೆ ಕೂರಿಸಿ ಮಾತಾಡಿಸುವ ಉಪಾಯ. ವಚನಕಾರರೂ ದೇವರಿಗೆ ‘ನೀನು’ ಎಂದೇ ಅಂದವರು ಎಂದೂ ಸೇರಿಸಿದೆ. ನಿವೃತ್ತ ಮೇಷ್ಟರಿಗೆ ಇಂಥ ವಿದ್ಯಾರ್ಥಿ ಸಿಗುವುದು ಅಪರೂಪ.

ಇವನಿಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡವೆಲ್ಲ ತಾಯಿ ಗದರಿಸುವಾಗ ಕಿವಿಗೆ ಬಿದ್ದದ್ದು: ಬಾ, ಹೋಗು, ತಿನ್ನು, ಸುಮ್ಮನಿರು. ಹತ್ತು ವರ್ಷದವನಿದ್ದಾಗ ಇಲ್ಲಿಗೆ ಬಂದಿದ್ದವನು, ಪಾದಪೂಜೆಗೆ ಮನೆಗೆ ಬಂದ ಅಯ್ಯನವರಿಗೆ ‘ಇಲ್ಲಿ ಬಾ, ಕೂತ್ಕೋ’ ಎಂದಿದ್ದ. ಅಯ್ಯನವರು ನಕ್ಕು ಕುಳಿತರು, ಅಕ್ಕ ಮಾತ್ರ ತಲೆ ಎತ್ತಲಿಲ್ಲ.

ಅಂಥವನು ನನ್ನ ಪಾಠವಾದ ಮುಂದಿನ ಸೋಮವಾರ, ಅಭ್ಯಾಸ ಮಾಡಿಕೊಂಡು ಬಂದವನಂತೆ ನೆಟ್ಟಗೆ ಕುಳಿತು, ‘ಅಜ್ಜಿ, ಹೇಗಿದ್ದೀರಿ? ನಿಮ್ಮ ಊಟವಾಯಿತೇ?’ ಎಂದ. ನಾನು ಹಿಗ್ಗಿದೆ. ಅಕ್ಕನ ಮುಖ ಸಣ್ಣದಾಯಿತು. ಕರೆ ಮುಗಿದ ಮೇಲೆ ಡಬ್ಬಿಯನ್ನು ಅಡುಗೆಮನೆಗೆ ಒಯ್ಯುತ್ತ, ‘ದೇವರಿಗೆ ನೀನು ಅಂತಾನೆ, ನನಗೆ ನೀವು ಅಂತಾನೆ, ನನ್ನನ್ನು ಹೊರಗಿನವಳನ್ನು ಮಾಡಿದ, ನೀನೇ ಕಲಿಸಿದ್ದು’ ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಅಜ್ಜಿಗೆ ಯಾರು ‘ರಿ’ ಹಚ್ಚುತ್ತಾರೆ? ಇಷ್ಟು ವಯಸ್ಸಾದ ಅಕ್ಕನನ್ನು ನಾನು ಈ ಬರಹದಲ್ಲಿಯೂ ‘ಅವಳು’ ಎಂದೇ ಬರೆಯುತ್ತಿದ್ದೇನಲ್ಲ.

ಅವನಿಗೊಂದು ಇ-ಮೇಲ್ ಬರೆದು ಇದನ್ನು ತಿಳಿಸಿದೆ. ಈ ವಾರದ ಕರೆಯಲ್ಲಿ ಅವನು ‘ಅಜ್ಜಿ, ಉಂಡೀಯಾ?’ ಎಂದ. ಅಕ್ಕ ಉಂಡದ್ದನ್ನೆಲ್ಲ, ಪುಂಡಿಪಲ್ಯದ ಹುಳಿ ಹೆಚ್ಚಾದುದನ್ನೂ ಬಿಡದೆ, ಅರ್ಧ ಅವನಿಗೆ ಅರ್ಥವಾಗದಿದ್ದರೂ ಹೇಳಿದಳು. ಕೊನೆಯಲ್ಲಿ ಅವನು, ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ನನ್ನ ಹತ್ತು ಗಂಟೆ ಎಂದರೆ ಅಲ್ಲಿ ಒಂಬತ್ತೂವರೆ ಎಂದು ತಿಳಿಸಿದ. ಅಕ್ಕ ಒಂಬತ್ತಕ್ಕೆ ಮಲಗುವವಳು. ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಮಲಗಿ ಎದ್ದರಾಯಿತು ಎಂದಳು.