ಫೋನ್ ಇಲ್ಲ, ಜಿಪಿಎಸ್ ಇಲ್ಲ: ರೆಬೆಲ್ ರ‍್ಯಾಲಿಗೆ ಜೋಡಿಯಾಗಿ ತಯಾರಾಗುವುದು

ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಕನ್ನಡದ ಗೆಳತಿಯರಲ್ಲಿ ಕೆಲವರು ರೆಬೆಲ್ ರ‍್ಯಾಲಿಗೆ ಹೆಸರು ಕೊಡುವ ಯೋಚನೆಯಲ್ಲಿದ್ದಾರೆ. ಅವರಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ನಕ್ಷೆ ಹಿಡಿದವಳು. ಸ್ಟೇರಿಂಗ್ ಹಿಡಿದದ್ದು ನನ್ನ ಅತ್ತಿಗೆ.

ರ‍್ಯಾಲಿ ಗೊತ್ತಿಲ್ಲದವರಿಗೆ ಎರಡು ಮಾತು. 2016ರಲ್ಲಿ ಎಮಿಲಿ ಮಿಲ್ಲರ್ ಶುರು ಮಾಡಿದ, ಗಾಡಿ ಓಡಿಸುತ್ತಾ ದಾರಿ ಹುಡುಕುವ ಈ ಆಟ ಹೆಂಗಸರಿಗೆ ಮಾತ್ರ. ಅಕ್ಟೋಬರಿನಲ್ಲಿ, ನೆವಾಡಾ ಮತ್ತು ಕ್ಯಾಲಿಫೋರ್ನಿಯಾದ ಮರುಭೂಮಿಗಳಲ್ಲಿ ನಡೆಯುತ್ತದೆ. ಎಂಟು ದಿನದ ಸ್ಪರ್ಧೆ, ಹೆಚ್ಚುಕಡಿಮೆ 2,500 ಕಿ.ಮೀ. ಒಂದು ಗಾಡಿಗೆ ಇಬ್ಬರು. ಫೋನ್‌ಗಳನ್ನು ಮೊದಲೇ ಸೀಲ್ ಮಾಡಿಬಿಡುತ್ತಾರೆ. ಉಳಿಯುವುದು ಕಾಗದದ ನಕ್ಷೆ, ಕಂಪಾಸ್, ಸ್ಕೇಲು, ಪೆನ್ಸಿಲ್. ಜೋರಾಗಿ ಓಡಿಸಿದವರು ಗೆಲ್ಲುವ ಆಟ ಅಲ್ಲ. ಕೊಟ್ಟ ಜಾಗವನ್ನು ಎಷ್ಟು ಕರಾರುವಾಕ್ಕಾಗಿ ಹುಡುಕಿದಿರಿ ಅನ್ನುವುದಕ್ಕೆ ಅಂಕ.

ಚೆಕ್‌ಪಾಯಿಂಟ್‌ಗಳಿಗೆ ಹಸಿರು, ನೀಲಿ, ಕಪ್ಪು ಅಂತ ಬಣ್ಣ. ಹಸಿರಿನಲ್ಲಿ ದೊಡ್ಡ ಬಾವುಟ ಇರುತ್ತದೆ, ದೂರದಿಂದಲೇ ಕಾಣುತ್ತದೆ. ನೀಲಿ ಅದಕ್ಕಿಂತ ಕಷ್ಟ. ಕಪ್ಪಿನಲ್ಲಿ ನೆಲದ ಮೇಲೆ ಏನೂ ಇರುವುದಿಲ್ಲ. ಇದೇ ಜಾಗ ಅಂತ ಇಬ್ಬರೂ ಒಪ್ಪಿ, ನಾವಿರುವ ಜಾಗವನ್ನು ದಾಖಲಿಸುವ ಟ್ರ್ಯಾಕರ್‌ನ ಗುಂಡಿ ಒತ್ತಬೇಕು, ಅಷ್ಟೇ. ಆ "ಇಬ್ಬರೂ ಒಪ್ಪಿ" ಅನ್ನುವುದೇ ತಯಾರಿಯ ಮುಖ್ಯ ಭಾಗ.

ನಮ್ಮ ಮನೆಗಳಲ್ಲಿ ದೊಡ್ಡವರಿಗೆ ಎದುರು ಮಾತಾಡುವುದು ಕಮ್ಮಿ, ಅಲ್ವಾ? "ಅತ್ತಿಗೆ, ಸ್ವಲ್ಪ ನಿಧಾನ ಮಾಡ್ತೀರಾ, ಇಲ್ಲೇ ಎಲ್ಲೋ ಬಲಕ್ಕೆ ಇರಬಹುದೇನೋ" ಅಂತ ಹೇಳಿ ಮುಗಿಸುವಷ್ಟರಲ್ಲಿ ಬಲಕ್ಕೆ ತಿರುಗುವ ದಾರಿ ಹಿಂದೆ ಹೋಗಿರುತ್ತದೆ. ಅದಕ್ಕೆ ಮೊದಲೇ ಕೂತು ಮಾತಾಡಿಕೊಂಡೆವು. ಗಾಡಿಯೊಳಗೆ ಎಡ, ಬಲ, ನೇರ, ನಿಲ್ಲಿ. ಇಷ್ಟೇ. ಯಾರು "ನಿಲ್ಲಿ" ಅಂದರೂ ಯಾಕೆ ಅಂತ ಕೇಳದೆ ಗಾಡಿ ನಿಲ್ಲಬೇಕು. ಇನ್ನೊಂದು ಮಾತು "ಗೊತ್ತಿಲ್ಲ". ನಕ್ಷೆ ಹಿಡಿದವಳಿಗೆ ದಾರಿ ತಪ್ಪಿದ ಅನುಮಾನ ಬಂದರೆ ಅದನ್ನು ತಕ್ಷಣ ಹೇಳಬೇಕು. ಹೇಳಿದ್ದಕ್ಕೆ ಓಡಿಸುವವರು ಮುಖ ಸಣ್ಣ ಮಾಡಬಾರದು. ಅಕ್ಕ-ತಂಗಿ, ಅತ್ತಿಗೆ-ನಾದಿನಿ, ಆಫೀಸಿನ ಮ್ಯಾನೇಜರ್ ಜೊತೆ ಹೋಗುವವರು ಇದನ್ನು ಖಂಡಿತ ಮಾಡಿಕೊಳ್ಳಿ. ಎಂಟು ದಿನ ಒಂದೇ ಗಾಡಿಯಲ್ಲಿ, ನಿದ್ದೆ ಕಮ್ಮಿ, ಮೈ ತುಂಬ ಧೂಳು. ನಯ-ನಾಜೂಕು ಜಾಸ್ತಿ ಹೊತ್ತು ಬಾಳುವುದಿಲ್ಲ.

ಇನ್ನು ನಕ್ಷೆ. ಬೆಳಕು ಹರಿಯುವ ಮೊದಲೇ ಎದ್ದು, ಹಣೆಗೆ ಲೈಟ್ ಕಟ್ಟಿಕೊಂಡು, ಕೊಟ್ಟ ಅಕ್ಷಾಂಶ-ರೇಖಾಂಶಗಳನ್ನು ನಕ್ಷೆಯಲ್ಲಿ ಗುರುತು ಹಾಕಬೇಕು. ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ ಅರವತ್ತನೇ ಒಂದು ಭಾಗ) ಎಂದರೆ ಸುಮಾರು 1.85 ಕಿ.ಮೀ. ರೇಖಾಂಶದ್ದು ಅಲ್ಲಿ ಸುಮಾರು 1.5 ಕಿ.ಮೀ. ಮಾತ್ರ, ಏಕೆಂದರೆ ಉತ್ತರಕ್ಕೆ ಹೋದಂತೆ ರೇಖೆಗಳು ಹತ್ತಿರವಾಗುತ್ತವೆ. 1:1,00,000 ಅಳತೆಯ ನಕ್ಷೆಯಲ್ಲಿ ಪೆನ್ಸಿಲ್ ಒಂದು ಮಿಲಿಮೀಟರ್ ಆಚೀಚೆ ಆದರೆ ನೆಲದ ಮೇಲೆ 100 ಮೀಟರ್ ತಪ್ಪು. ಪೆನ್ಸಿಲ್ ಚೂಪಾಗಿರಲಿ. ಒಬ್ಬರು ಹಾಕಿದ ಗುರುತನ್ನು ಇನ್ನೊಬ್ಬರು ಮೊದಲಿಂದ ಅಳೆದು ನೋಡಬೇಕು. ಸುಮ್ನೆ ಕಣ್ಣಾಡಿಸಿ "ಸರಿಯಿದೆ" ಅನ್ನುವುದಲ್ಲ.

ಕಂಪಾಸ್ ವಿಷಯ ಊರಿಂದ ಬರುವವರು ಗಮನಿಸಿ. ಬೆಂಗಳೂರಿನಲ್ಲಿ ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಅಲ್ಲಿ ಅಭ್ಯಾಸ ಮಾಡಿದವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಲ್ಲಿನ ಮರುಭೂಮಿಯಲ್ಲಿ ಮುಳ್ಳು ಪೂರ್ವಕ್ಕೆ ಸುಮಾರು 11-12 ಡಿಗ್ರಿ ವಾಲುತ್ತದೆ. ನಕ್ಷೆಯಲ್ಲಿ ಅಳೆದ ಕೋನದಿಂದ ಅಷ್ಟನ್ನು ಕಳೆದೇ ಕಂಪಾಸ್ ಹಿಡಿಯಬೇಕು. ಮರೆತರೆ ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಎರಡು ಕಿ.ಮೀ. ಪಕ್ಕಕ್ಕೆ ಸರಿದಿರುತ್ತೀರಿ. ಗಾಡಿಯೊಳಗೆ ಕೂತು ಕಂಪಾಸ್ ನೋಡಬೇಡಿ, ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಇಳಿದು, ಹತ್ತಿಪ್ಪತ್ತು ಹೆಜ್ಜೆ ದೂರ ಹೋಗಿ ನೋಡಿ. ಬಿಸಿಲಿನಲ್ಲಿ ಇದು ಬೇಜಾರಿನ ಕೆಲಸ, ನಿಜ. ಆದರೂ ಇಳಿಯಿರಿ.

ನಡುವೆ ಎಂಡ್ಯೂರೋ ಅನ್ನುವ ಭಾಗವೂ ಇದೆ. ಹೇಳಿದ ಸರಾಸರಿ ವೇಗದಲ್ಲೇ ಹೋಗಬೇಕು, ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ನಮ್ಮಲ್ಲಿ ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟೆನ್ಸ್) ರ‍್ಯಾಲಿ ಓಡಿದವರಿಗೆ ಇದು ಗೊತ್ತಿರುವ ಆಟವೇ. ಗಂಟೆಗೆ 30 ಮೈಲಿ ಎಂದರೆ ಮೈಲಿಗೆ ಎರಡು ನಿಮಿಷ, 24 ಎಂದರೆ ಎರಡೂವರೆ. ಇಂಥ ಲೆಕ್ಕದ ಪಟ್ಟಿಯನ್ನು ಮನೆಯಲ್ಲೇ ಕೈಯಲ್ಲಿ ಬರೆದು ಬಾಯಿಗೆ ಬರುವಂತೆ ಮಾಡಿಕೊಳ್ಳಿ. ದೊಡ್ಡ ಟೈರ್ ಹಾಕಿಸಿದರೆ ಓಡೋಮೀಟರ್ ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ. ಹೆದ್ದಾರಿಯ ಮೈಲಿಗಲ್ಲುಗಳ ಪಕ್ಕ ಓಡಿಸಿ ಎಷ್ಟು ತಪ್ಪಿದೆ ಅಂತ ಮೊದಲೇ ಬರೆದಿಡಿ.

ಗಾಡಿಯ ಬಗ್ಗೆ ನನಗೆ ಜಾಸ್ತಿ ಹೇಳಲು ಇಲ್ಲ. ಏನೂ ಮಾರ್ಪಾಡು ಮಾಡದ ಗಾಡಿಗಳಿಗೆ ಬೋನ್ ಸ್ಟಾಕ್ ಅಂತ ಬೇರೆ ಗುರುತೇ ಇದೆ, ಕ್ರಾಸ್‌ಓವರ್ ಕಾರುಗಳಿಗೆ ಎಕ್ಸ್-ಕ್ರಾಸ್ ವಿಭಾಗವಿದೆ. ಪ್ರವೇಶ ಶುಲ್ಕವೇ ಈಗ ಹತ್ತು ಸಾವಿರ ಡಾಲರ್ ದಾಟುತ್ತದೆ. ಮಿಕ್ಕ ದುಡ್ಡನ್ನು ಬಂಪರಿಗೆ, ಲೈಟಿಗೆ ಹಾಕುವ ಬದಲು ಮರಳಿನಲ್ಲಿ ಓಡಿಸಲು ಕಲಿಸುವವರಿಗೆ ಕೊಡಿ.

ಮರಳಿನ ಅಭ್ಯಾಸಕ್ಕೆ ನಮಗೆ ಹತ್ತಿರ ಒಷಿಯಾನೊ ಡ್ಯೂನ್ಸ್, ಕಲ್ಲು-ಗುಡ್ಡಕ್ಕೆ ಹಾಲಿಸ್ಟರ್ ಹಿಲ್ಸ್. ಮರಳಿಗೆ ಇಳಿಯುವ ಮುಂಚೆ ಟೈರ್ ಗಾಳಿಯನ್ನು 15-18 ಪಿಎಸ್ಐಗೆ ಇಳಿಸಿ. ಮತ್ತೆ ತುಂಬಿಸಲು ಕಂಪ್ರೆಸರ್ ಬೇಕು. ನಿಲ್ಲಿಸುವಾಗ ಗಾಡಿಯ ಮೂತಿ ಇಳಿಜಾರಿನ ಕಡೆ ಇರಲಿ, ಮತ್ತೆ ಹೊರಡುವುದು ಸುಲಭ. ಹೂತರೆ ಚಕ್ರ ತಿರುಗಿಸುತ್ತಾ ಕೂರಬೇಡಿ. ಸಲಿಕೆ ಹಿಡಿದು ಬಗೆದು, ಚಕ್ರದ ಕೆಳಗೆ ಹಲಗೆ ಕೊಡಿ. ಅತ್ತಿಗೆಗೆ ಈ ಕೆಲಸದಲ್ಲಿ ವಿಚಿತ್ರ ಖುಷಿ, ನನಗೆ ಸೊಂಟ ನೋವು. ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಎಳೆಯುವ ಪಟ್ಟಿಯನ್ನು ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಯಾವತ್ತೂ ಹಾಕಬೇಡಿ. ಅದು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಗಾಡಿಯ ಚಾಸಿಗೆ ಜೋಡಿಸಿದ ಕೊಂಡಿಗೇ ಹಾಕಿ.

ಡೇರೆ ಹಾಕುವುದನ್ನು ಕತ್ತಲಲ್ಲಿ, ಗಾಳಿಯಲ್ಲಿ ಅಭ್ಯಾಸ ಮಾಡಿ. ಹಗಲು ಸುಡುತ್ತದೆ, ರಾತ್ರಿ ನಡುಗಿಸುತ್ತದೆ. ದಪ್ಪ ಜಾಕೆಟ್ ಬೇಕೇ ಬೇಕು. ದಾರಿಗೆ ನಾವು ಇಟ್ಟುಕೊಂಡದ್ದು ನಿಪ್ಪಟ್ಟು, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಹುರಿಗಡಲೆ. ಒಂದು ಕೈಯಲ್ಲಿ ತಿನ್ನಬಹುದು, ನಕ್ಷೆಗೆ ಎಣ್ಣೆ ಅಂಟುವುದಿಲ್ಲ. ಚಕ್ಕುಲಿ ಬೇಡ, ಪುಡಿ ಎಲ್ಲಾ ಮಡಿಕೆಗಳಲ್ಲಿ ಸೇರುತ್ತದೆ.

ಮನೆಯವರಿಗೆ ಮೊದಲೇ ಹೇಳಿಬಿಡಿ, ಫೋನ್ ಬರುವುದಿಲ್ಲ ಅಂತ. ಊರಲ್ಲಿರುವ ಅಮ್ಮನಿಗೆ ಇನ್ನೊಂದು ಸಲ ಹೇಳಿ. ಕೊನೆಗೆ ಬರುವುದು ತೆಂಕಣ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳುದಿಬ್ಬಗಳು. ಅಲ್ಲಿಂದ ಬೇ ಏರಿಯಾಕ್ಕೆ ಒಂದೇ ಏಟಿಗೆ ಗಾಡಿ ಓಡಿಸಿಕೊಂಡು ಬರುವ ಲೆಕ್ಕ ಹಾಕಬೇಡಿ. ನಡುವೆ ಒಂದು ರಾತ್ರಿಗೆ ರೂಮು ಬುಕ್ ಮಾಡಿ, ಸೋಮವಾರಕ್ಕೂ ರಜೆ ಹಾಕಿಬಿಡಿ.